ಸುಲಿದದ್ದನ್ನು ಬೇಯಿಸು, ಸುಲಿಯದ್ದನ್ನು ಬಿಡು

ತುಂಬಾ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಕಾರಣ ಕೇಳಬೇಡಿ, ಎಲ್ಲ ಟೆಕ್ಕಿಗಳೂ ಹೇಳುವ ಅದೇ ಹಳೇ ಕಾರಣ: ಕೆಲಸ. ಹಾಗಾಗಿ ಈ ಸಲ ಆ ಕೆಲಸದ ಬಗ್ಗೆಯೇ ಬರೆದುಬಿಡೋಣ ಅನ್ನಿಸಿತು. ಕಂಪ್ಯೂಟರ್ ವಿಷಯ ಅಂತ ಮೊದಲ ಪ್ಯಾರಾದಲ್ಲೇ ಓಡಿಹೋಗಬೇಡಿ. ಮಧ್ಯದಲ್ಲಿ ನಮ್ಮೂರು ಭೀಮಸಮುದ್ರದ ಅಡಿಕೆ ಬರುತ್ತೆ, ಅಪ್ಪ ಬರ್ತಾರೆ, ಒಬ್ಬ ಅಂಗಡಿಯವರು ಕಳಕೊಂಡ 850 ರೂಪಾಯಿ ಬರುತ್ತೆ :-)

ನನ್ನ ವಾದವನ್ನು ಮೊದಲೇ ಹೇಳಿಬಿಡ್ತೀನಿ. ಪ್ರೋಗ್ರಾಮ್ ಶುರು ಮಾಡುವುದರ ಬಗ್ಗೆ ನಾವು ಎಂಜಿನಿಯರುಗಳು ತಲೆ ಕೆಡಿಸಿಕೊಂಡಷ್ಟು ಅದನ್ನು ನಿಲ್ಲಿಸುವುದರ ಬಗ್ಗೆ ಕೆಡಿಸಿಕೊಳ್ಳುವುದಿಲ್ಲ. ಟೈಮೌಟ್ ಅಂತ ಒಂದು ನಂಬರ್ ಹಾಕಿ ಕೈ ತೊಳೆದುಕೊಳ್ತೀವಿ. ಅದು ಸಾಲದೆ ಬಂದ ದಿನ ನಂಬರನ್ನು ಎರಡರಷ್ಟು ಮಾಡ್ತೀವಿ. ಅವತ್ತಿನ ಮಟ್ಟಿಗೆ ಸಮಸ್ಯೆ ಮಾಯ! ಇದು ಪರಿಹಾರ ಅಲ್ಲ, ಸೋಮಾರಿತನ. ನಾನೂ ಅದನ್ನು ಮಾಡಿದವನೇ, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳ್ತಿದ್ದೀನಿ.

ಮೊದಲು ವಿಷಯ ಏನು ಅಂತ ಹೇಳ್ತೀನಿ, ಗೊತ್ತಿರುವವರು ಒಂದು ಪ್ಯಾರಾ ಹಾರಿಸಿ.

ಹಿಂದೆಲ್ಲ ದಿನದ ಲೆಕ್ಕವನ್ನು ರಾತ್ರಿ ಕೂತು ಒಟ್ಟಿಗೆ ಮಾಡುವ ಪದ್ಧತಿ ಇತ್ತು. ಈಗ ನೀವು ಅಂಗಡಿಯಲ್ಲಿ ಫೋನ್ ತೋರಿಸಿ ದುಡ್ಡು ಕೊಟ್ಟ ತಕ್ಷಣ ಅಂಗಡಿಯವರಿಗೆ 'ಹಣ ಬಂತು' ಅನ್ನೋ ಸಂದೇಶ ಹೋಗಬೇಕು. ಅಂದರೆ ಮಾಹಿತಿ ಹೊಳೆ ಥರ ಒಂದೇ ಸಮನೆ ಹರಿದು ಬರ್ತಾನೇ ಇರುತ್ತೆ, ಬಂದದ್ದನ್ನು ಬಂದ ಹಾಗೆ ವಿಲೇವಾರಿ ಮಾಡ್ತಾನೇ ಇರಬೇಕು. ಇದಕ್ಕೆ ಸ್ಟ್ರೀಮ್ ಪ್ರೊಸೆಸಿಂಗ್ ಅಂತಾರೆ. ಬರುವ ಮಾಹಿತಿಯನ್ನೆಲ್ಲ ಸಾಲಾಗಿ ಬರೆದಿಟ್ಟುಕೊಳ್ಳುವ ದೊಡ್ಡ ದಫ್ತರದಂಥ ಸಾಫ್ಟ್‌ವೇರ್ ಕಾಫ್ಕಾ. ಲಿಂಕ್ಡ್‌ಇನ್ ಕಂಪನಿಯಲ್ಲಿ ಹುಟ್ಟಿ 2011ರಲ್ಲಿ ಎಲ್ಲರಿಗೂ ಮುಕ್ತವಾಯಿತು. (ಹೌದು, ಆ ಲೇಖಕ ಕಾಫ್ಕಾನ ಹೆಸರೇ. ಬಳಸಿದ ಮೇಲೆ ಹೆಸರು ಯಾಕೆ ಹಾಗಿಟ್ಟರು ಅಂತ ನಿಮಗೇ ಅರ್ಥವಾಗುತ್ತೆ!) ಆ ದಫ್ತರದಲ್ಲಿ ಪ್ರತಿ ಸಾಲಿಗೂ ಒಂದು ಕ್ರಮಸಂಖ್ಯೆ ಇರುತ್ತೆ, ಆಫ್‌ಸೆಟ್ ಅಂತ. ನಮ್ಮ ಪ್ರೋಗ್ರಾಮ್ ಸಾಲುಗಳನ್ನು ಓದ್ತಾ, ಕೆಲಸ ಮಾಡ್ತಾ, ಆಗಾಗ 'ನಾನು ಇಲ್ಲಿಯವರೆಗೆ ಮುಗಿಸಿದೆ' ಅಂತ ಆ ಸಂಖ್ಯೆಯನ್ನು ಗುರುತು ಮಾಡಿಡುತ್ತೆ. ನಿಂತು ಮತ್ತೆ ಶುರುವಾದರೆ ಗುರುತು ಮಾಡಿದ ಜಾಗದಿಂದ ಮುಂದೆ ಓದುತ್ತೆ. ಅಷ್ಟೇ.

ಈ ಹೊಳೆಗೆ ಕೊನೆ ಅನ್ನೋದು ಇಲ್ಲ. ಆದರೆ ಪ್ರೋಗ್ರಾಮನ್ನು ನಿಲ್ಲಿಸಲೇಬೇಕಾಗುತ್ತೆ. ಹೊಸ ಆವೃತ್ತಿ ಹಾಕಬೇಕು, ಮೆಷಿನ್ ಬದಲಾಯಿಸಬೇಕು. ಹಾಗಾಗಿ ಯಾವಾಗ ನಿಲ್ಲಿಸಿದರೂ ಏನಾದರೊಂದು ಅರ್ಧದಲ್ಲಿ ಇದ್ದೇ ಇರುತ್ತೆ. ಆ ಅರ್ಧಂಬರ್ಧ ಕೆಲಸದ ಗತಿ ಏನು? ಇಡೀ ಪ್ರಶ್ನೆ ಇದೇ.

ಯುನಿಕ್ಸ್ ಕಾಲದಿಂದ ಇದಕ್ಕೆ ಎರಡು ದಾರಿ. ಒಂದು, ಸಿಗ್‌ಟರ್ಮ್, 15ನೇ ನಂಬರಿನ ಸಂಕೇತ. 'ದಯವಿಟ್ಟು ಕೆಲಸ ಮುಗಿಸಿ ಹೊರಡಿ' ಅಂತ ಮರ್ಯಾದೆಯಿಂದ ಹೇಳೋದು. ಪ್ರೋಗ್ರಾಮ್ ಅದನ್ನು ಕೇಳಿಸಿಕೊಂಡು ತಯಾರಾಗಬಹುದು. ಇನ್ನೊಂದು, ಸಿಗ್‌ಕಿಲ್, 9ನೇ ನಂಬರು. ಇದರಲ್ಲಿ ಹೇಳೋದು ಕೇಳೋದು ಏನೂ ಇಲ್ಲ, ಕತ್ತು ಹಿಡಿದು ಆಚೆ. ಪ್ರೋಗ್ರಾಮಿಗೆ ಒಂದು ಅಕ್ಷರ ಬರೆಯಲೂ ಪುರುಸೊತ್ತು ಸಿಗಲ್ಲ. ನಮ್ಮ ಐಟಿ ಭಾಷೆಯಲ್ಲೇ ಹೇಳಬೇಕು ಅಂದ್ರೆ, ಮೊದಲನೆಯದು ನೋಟಿಸ್ ಪೀರಿಯಡ್. ಎರಡನೆಯದು ಬೆಳಿಗ್ಗೆ ಎದ್ದು ನೋಡಿದರೆ ಲ್ಯಾಪ್‌ಟಾಪ್ ಲಾಗಿನ್ನೇ ಆಗ್ತಿಲ್ಲ ಅನ್ನೋದು :-(

ಈಗ ಹೆಚ್ಚಿನ ಕಡೆ ಪ್ರೋಗ್ರಾಮುಗಳು ಓಡುವುದು ಕುಬರ್ನೆಟಿಸ್ ಅನ್ನೋ ಮೇಸ್ತ್ರಿಯ ಕೈಕೆಳಗೆ. ಅದು ಮೊದಲು 15 ಕಳಿಸುತ್ತೆ, ಕಾಯುತ್ತೆ, ಆಮೇಲೂ ಹೋಗದಿದ್ದರೆ 9 ಕಳಿಸುತ್ತೆ. ಎಷ್ಟು ಹೊತ್ತು ಕಾಯುತ್ತೆ? ನೀವು ಏನೂ ಹೇಳದಿದ್ದರೆ 30 ಸೆಕೆಂಡ್. ಡಾಕರ್ ಆದರೆ 10 ಸೆಕೆಂಡ್. ಸಿಸ್ಟಮ್‌ಡಿ ಆದರೆ 90 ಸೆಕೆಂಡ್. ಈ ಮೂರೂ ನಂಬರುಗಳನ್ನು ಇಟ್ಟವರಿಗೆ ನಿಮ್ಮ ಪ್ರೋಗ್ರಾಮ್ ಏನು ಮಾಡುತ್ತೆ ಅನ್ನೋದು ಗೊತ್ತಿರಲಿಲ್ಲ, ಗೊತ್ತಿರಲು ಸಾಧ್ಯವೂ ಇರಲಿಲ್ಲ.

*

ಈಗ ನನ್ನ ಕಥೆ. ಕಂಪನಿ ಹೆಸರು ಬೇಡ, ಬೆಂಗಳೂರಿನ ಒಂದು ಕಂಪನಿ ಅಂದುಕೊಳ್ಳಿ.

ನಮ್ಮ ತಂಡದ ಪ್ರೋಗ್ರಾಮಿನ ಕೆಲಸ ಮೇಲೆ ಹೇಳಿದೆನಲ್ಲ, ಅದೇ. ಗಿರಾಕಿ ದುಡ್ಡು ಕೊಟ್ಟ ಸುದ್ದಿ ಬರುತ್ತೆ, ಅಂಗಡಿಯವರ ಫೋನಿಗೆ 'ಇಷ್ಟು ಹಣ ಬಂತು' ಅಂತ ಸಂದೇಶ ಕಳಿಸಬೇಕು. ಒಂದು ದಿನ ಸಂಜೆ ಆರು ಗಂಟೆಗೆ, ಅಂದರೆ ಅಂಗಡಿಗಳಲ್ಲಿ ಜನ ತುಂಬಿರುವ ಹೊತ್ತಿಗೆ, ಹೊಸ ಆವೃತ್ತಿ ಹಾಕಿದೆವು. ಎಲ್ಲ ಹಸಿರು ಟಿಕ್ ಮಾರ್ಕ್ ಬಂತು. ಟೀ ಕುಡಿಯಲು ಹೋದೆವು.

ಎರಡು ದಿನ ಬಿಟ್ಟು ಒಂದು ದೂರು ಬಂತು. ಒಬ್ಬ ದಿನಸಿ ಅಂಗಡಿಯವರು. ಅವರ ಫೋನಿಗೆ 850 ರೂಪಾಯಿ ಬಂತು ಅಂತ ಒಂದರ ಹಿಂದೆ ಒಂದು ಎರಡು ಸಂದೇಶ ಬಂದಿದೆ. ಎದುರಿಗೆ ನಿಂತಿದ್ದ ಗಿರಾಕಿ ಅದನ್ನು ನೋಡಿ 'ಅಯ್ಯೋ ಎರಡು ಸಲ ಹೋಯ್ತಲ್ಲ, ಒಂದನ್ನ ವಾಪಸ್ ಕೊಡಿ' ಅಂದಿದ್ದಾನೆ. ಪಾಪ, ಅವನೂ ಮೋಸಗಾರ ಅಂತ ನಾನು ಹೇಳಲ್ಲ, ನಂಬಿದ್ದಿರಬಹುದು. ಇವರು ಗಲ್ಲಾಪೆಟ್ಟಿಗೆಯಿಂದ 850 ರೂಪಾಯಿ ಎಣಿಸಿ ಕೊಟ್ಟಿದ್ದಾರೆ. ರಾತ್ರಿ ಬ್ಯಾಂಕಿನ ಲೆಕ್ಕ ನೋಡಿದರೆ ಬಂದಿರುವುದು ಒಂದೇ ಸಲ.

ಎರಡು ಸಲ ಹೋಗಿದ್ದು ದುಡ್ಡಲ್ಲ, ನಮ್ಮ ಸಂದೇಶ.

ಲಾಗ್ ತೆಗೆದು ನೋಡಿದೆ. 'ನಿಲ್ಲಿಸುವ ಕೆಲಸ ಶುರು' ಅನ್ನೋ ಸಾಲು ಇತ್ತು. 'ನಿಲ್ಲಿಸುವ ಕೆಲಸ ಮುಗಿಯಿತು' ಅನ್ನೋ ಸಾಲು ಇರಲಿಲ್ಲ. ಹಿಂದಿನ ಸಲದ್ದು ನೋಡಿದೆ, ಇಲ್ಲ. ಅದರ ಹಿಂದಿನದ್ದು, ಇಲ್ಲ. ತಿಂಗಳುಗಟ್ಟಲೆ ಹಿಂದೆ ಹೋದೆ. ಜನ ಹೆಚ್ಚಿರುವ ಹೊತ್ತಿನಲ್ಲಿ ನಿಲ್ಲಿಸಿದ ಒಂದು ಸಲವೂ ನಮ್ಮ ಪ್ರೋಗ್ರಾಮ್ ಮರ್ಯಾದೆಯಿಂದ ಸತ್ತೇ ಇರಲಿಲ್ಲ! ಪ್ರತಿ ಸಲವೂ 30ನೇ ಸೆಕೆಂಡಿಗೆ 9ನೇ ನಂಬರ್ ಬಂದು ಮುಗಿಸಿತ್ತು. ನಮ್ಮ ಟೆಸ್ಟ್ ಮೆಷಿನ್ನಿನಲ್ಲಿ ಮಾತ್ರ ಎರಡೇ ಸೆಕೆಂಡಿಗೆ ಚೆಂದವಾಗಿ ನಿಲ್ಲುತ್ತಿತ್ತು, ಯಾಕೆಂದರೆ ಅಲ್ಲಿ ಮಾಡಲು ಕೆಲಸವೇ ಇರಲಿಲ್ಲ.

ಕಾರಣ ಹುಡುಕಿದರೆ ನಗು ಬರುತ್ತೆ. ನಿಲ್ಲಿಸುವಾಗ 60 ಸೆಕೆಂಡಿನವರೆಗೆ ಕಾಯಿ ಅಂತ ಪ್ರೋಗ್ರಾಮಿನ ಒಳಗೆ ಬರೆದಿದ್ದೆವು. ಹೊರಗಿನ ಮೇಸ್ತ್ರಿ ಕೊಡುವುದೇ 30. ಬಸ್ಸು ಆರು ಗಂಟೆಗೆ ಹೊರಡುತ್ತೆ, ನಾನು ಏಳರವರೆಗೆ ಆರಾಮವಾಗಿ ರೆಡಿ ಆಗ್ತೀನಿ ಅಂದ ಹಾಗೆ. 60 ಬರೆದವನು ನಾನೇ. 30 ಅನ್ನೋದು ಇದೆ ಅನ್ನೋದೇ ನನಗೆ ಗೊತ್ತಿರಲಿಲ್ಲ.

ಇನ್ನು ನಮ್ಮ ಪರಿಹಾರ ಕೇಳಿ. ಹೊರಗಿನ 30 ಅನ್ನು 120 ಮಾಡಿದೆವು. ಸ್ವಲ್ಪ ದಿನ ಸರಿಯಾಯಿತು. ಹಬ್ಬದ ವ್ಯಾಪಾರ ಬಂತು, ಮತ್ತೆ ಅದೇ. 300 ಮಾಡಿದೆವು. ನಮ್ಮ ಪ್ರೋಗ್ರಾಮಿನ 24 ಪ್ರತಿಗಳು ಒಟ್ಟಿಗೆ ಓಡುತ್ತಿದ್ದವು, ಒಂದೊಂದಾಗಿ ಬದಲಾಯಿಸಬೇಕು. ಒಂದಕ್ಕೆ 5 ನಿಮಿಷ ಅಂದರೆ 24ಕ್ಕೆ ಎರಡು ಗಂಟೆ. ರಾತ್ರಿ ಹನ್ನೊಂದಕ್ಕೆ ಏನೋ ತುರ್ತಾಗಿ ಸರಿ ಮಾಡಬೇಕಾದಾಗ ಎರಡು ಗಂಟೆ ಯಾರು ಕಾಯ್ತಾರೆ? ಒಬ್ಬ ಗೆಳೆಯ ತಾನೇ ಕೈಯಾರೆ 9ನೇ ನಂಬರ್ ಹಾಕಿ ಎಲ್ಲವನ್ನೂ ಉಡಾಯಿಸಿದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ನಿಧಾನವಾಗಿ ಸಾಯಲಿ ಅಂತ ನಾವು ಸಮಯ ಹೆಚ್ಚಿಸಿದ್ದೇ ಅದನ್ನು ಬೇಗ ಕೊಲ್ಲುವ ಹಾಗೆ ಮಾಡಿತ್ತು.

*

ಇಷ್ಟರಲ್ಲಿ ನಾನು ಊರಿಗೆ ಹೋದೆ.

ಭೀಮಸಮುದ್ರ ಗೊತ್ತಿಲ್ಲದವರಿಗೆ: ಚಿತ್ರದುರ್ಗದಿಂದ ಹೊಳಲ್ಕೆರೆ ಕಡೆ ಇರುವ ಊರು. ದೊಡ್ಡ ಕೆರೆ, ಸುತ್ತ ತೋಟ, ಊರೊಳಗೆ ಅಡಿಕೆ ಮಂಡಿಗಳು. ಪೇಪರಿನ ಅಡಿಕೆ ಧಾರಣೆ ನೋಡುವವರಿಗೆ ಅಪಿ, ಬೆಟ್ಟೆ, ಕೆಂಪುಗೋಟು, ರಾಶಿ ಅನ್ನೋ ಹೆಸರುಗಳು ಗೊತ್ತಿರುತ್ತವೆ. ನಮ್ಮ ಮನೆಯಲ್ಲೂ ಸ್ವಲ್ಪ ತೋಟ ಇದೆ. ನಾನು ಹೋದಾಗ ಕೊಯ್ಲು ನಡೀತಿತ್ತು.

ಅಡಿಕೆ ಕೆಲಸವೂ ಒಂದು ಹೊಳೆಯೇ. ಗೊನೆ ಇಳಿಸುವವರು ಇಳಿಸ್ತಾರೆ, ಸುಲಿಯುವ ಕಡೆ ಸುಲೀತಾರೆ, ಸುಲಿದದ್ದು ಹಂಡೆಗೆ ಹೋಗಿ ಚೊಗರಿನಲ್ಲಿ ಬೇಯುತ್ತೆ, ಬೆಂದದ್ದು ಕಣದಲ್ಲಿ ಒಣಗುತ್ತೆ. ಒಂದರ ಹಿಂದೆ ಒಂದು, ಬೆಳಗಿನಿಂದ ಸಂಜೆವರೆಗೆ. ಅವತ್ತು ಸಂಜೆ ನಾಲ್ಕೂವರೆಗೆ ಕರೆಂಟ್ ಹೋಯ್ತು. ಸುಲಿಯುವ ಯಂತ್ರ ನಿಂತಿತು. ನಾನು ಕಣದ ಅಂಚಿಗೆ ಕೂತು ಲ್ಯಾಪ್‌ಟಾಪಿನಲ್ಲಿ ಅದೇ 300 ಸೆಕೆಂಡಿನ ಗೋಳು ನೋಡ್ತಾ ಇದ್ದೆ. ಅಪ್ಪ ಎದ್ದು ನಿಂತು ಒಂದೇ ಮಾತು ಹೇಳಿದರು.

"ಇನ್ನ ಗೊನೆ ಇಳಿಸಬ್ಯಾಡ್ರಿ. ಸುಲ್ದಿರೋದ್ನ ಬೇಯ್ಸಿ ಮುಗಿಸಾನ. ಉಳಿದಿದ್ದು ನಾಳಿಕೆ."

ಯಂತ್ರದ ಪಕ್ಕ ಸುಲಿಯದ ಕಾಯಿ ದೊಡ್ಡ ರಾಶಿ ಬಿದ್ದಿತ್ತು. "ಅದನ್ನ ಕೈಯಲ್ಲಾದ್ರೂ ಸುಲಿಸಿ ಮುಗಿಸಬಾರ್ದಾ ಅಪ್ಪಾ, ಅಷ್ಟೊಂದಿದೆ" ಅಂದೆ.

"ಅದಕ್ಕೇನಾಗುತ್ತೆ ಬಿಡಪ್ಪ, ಮೈಮೇಲೆ ಸಿಪ್ಪೆ ಐತಲ್ಲ. ಸುಲ್ದಿದ್ನ ಹಂಗೇ ಬಿಟ್ರೆ ಕೆಡೋದು."

ಅಷ್ಟು ಹೇಳಿ ಒಲೆ ಕಡೆ ಹೋದರು. ನಾನು ಲ್ಯಾಪ್‌ಟಾಪ್ ಹಿಡಕೊಂಡು ಹಾಗೇ ಕೂತೆ.

ನಮ್ಮ ಪ್ರೋಗ್ರಾಮ್ ಮಾಡುತ್ತಿದ್ದ ತಪ್ಪು ಅದೇ. ಅದು ಕಾಫ್ಕಾದಿಂದ ಸಾವಿರಾರು ಸಾಲುಗಳನ್ನು ಮೊದಲೇ ತಂದು ತನ್ನ ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತಿತ್ತು, ಬೇಗ ಆಗಲಿ ಅಂತ. ನಿಲ್ಲು ಅಂದಾಗ ತಂದದ್ದನ್ನೆಲ್ಲ ಮುಗಿಸಿಯೇ ನಿಲ್ಲಲು ಹೋಗುತ್ತಿತ್ತು. ಆದರೆ ಅದರಲ್ಲಿ ಮುಕ್ಕಾಲು ಪಾಲು ಇನ್ನೂ ಮುಟ್ಟಿಯೇ ಇರಲಿಲ್ಲ. ಅವು ಕಾಫ್ಕಾದ ದಫ್ತರದಲ್ಲಿ ಸುರಕ್ಷಿತವಾಗಿ ಇದ್ದೇ ಇವೆ, ಮೈಮೇಲೆ ಸಿಪ್ಪೆ ಇದೆ! ಅವನ್ನು ಬಿಟ್ಟು ಹೋದರೆ ಏನೂ ನಷ್ಟ ಇಲ್ಲ, ಹೊಸದಾಗಿ ಬರುವ ಪ್ರತಿ ಅವನ್ನು ಮತ್ತೆ ಓದಿಕೊಳ್ಳುತ್ತೆ. ಕೆಡುವುದು ಸುಲಿದದ್ದು ಮಾತ್ರ. ಅಂದರೆ ಸಂದೇಶ ಕಳಿಸಲು ಶುರು ಮಾಡಿ, 'ಮುಗಿಯಿತು' ಅಂತ ಇನ್ನೂ ಗುರುತು ಹಾಕದೇ ಇರುವಂಥದ್ದು. ಆ ಸ್ಥಿತಿಯಲ್ಲಿ ಸತ್ತರೆ ಗುರುತು ಇರಲ್ಲ, ಮುಂದಿನವನು ಬಂದು ಅದನ್ನೇ ಮತ್ತೆ ಕಳಿಸ್ತಾನೆ. 850 ರೂಪಾಯಿ ಹೋಗುತ್ತೆ.

ಬೆಂಗಳೂರಿಗೆ ಬಂದು ಬದಲಾಯಿಸಿದೆ. ನಿಲ್ಲು ಅಂದ ತಕ್ಷಣ: ಹೊಸದಾಗಿ ಓದುವುದು ಬಂದ್. ಹೊಟ್ಟೆಯಲ್ಲಿದ್ದರೂ ಮುಟ್ಟದೇ ಇರುವುದನ್ನು ಬಿಟ್ಟುಬಿಡು. ಕೈಯಲ್ಲಿ ಅರ್ಧ ಆಗಿರುವುದನ್ನು ಮಾತ್ರ ಮುಗಿಸು. ಎಲ್ಲಿಯವರೆಗೆ ಒಂದೂ ಬಿಡದೆ ಮುಗಿದಿದೆಯೋ ಅಲ್ಲಿಗೆ ಗುರುತು ಹಾಕು. (ಇಲ್ಲೊಂದು ಸೂಕ್ಷ್ಮ. 1ರಿಂದ 10ರವರೆಗಿನ ಸಾಲುಗಳನ್ನು ಹಲವರು ಹಂಚಿಕೊಂಡು ಮಾಡ್ತಿರುವಾಗ 7 ಒಂದು ಉಳಿದು 10 ಮುಗಿದಿದ್ದರೆ ಗುರುತು 6ರ ಮೇಲೆ ಬೀಳಬೇಕು, 10ರ ಮೇಲಲ್ಲ. ಇಲ್ಲದಿದ್ದರೆ 7 ಶಾಶ್ವತವಾಗಿ ಕಳೆದುಹೋಗುತ್ತೆ.) ಆಮೇಲೆ ಹೊರಡು.

300 ಸೆಕೆಂಡಿಗೂ ಮುಗಿಯದ ಕೆಲಸ ನಾಲ್ಕೈದು ಸೆಕೆಂಡಿಗೆ ಬಂತು. ಟೈಮೌಟನ್ನು ಮತ್ತೆ 30ಕ್ಕೆ ಇಳಿಸಿದೆವು.

*

ಇಲ್ಲಿಗೆ ಕಥೆ ಮುಗಿಸಿದರೆ ಸಿನಿಮಾ ಥರ ಚೆನ್ನಾಗಿರುತ್ತೆ. ಆದರೆ ಅಪ್ಪನ ಹತ್ತಿರ ಇದನ್ನು ಫೋನಿನಲ್ಲಿ ವಿವರಿಸಿದಾಗ ಅವರು ಕೇಳಿದ ಪ್ರಶ್ನೆ ಇನ್ನೂ ಕಾಡ್ತಿದೆ. "ನಿಲ್ಲು ಅಂತ ಹೇಳ್ದಂಗೇ ನಿಂತ್ರೆ ಏನ್ ಮಾಡ್ತೀರಪ್ಪಾ? ಕರೆಂಟ್ ಏನು ಹೇಳಿ ಹೋಗುತ್ತಾ?"

ಸರಿಯಾದ ಮಾತು. ಹೇಳದೆ ಕೇಳದೆ ಮೆಷಿನ್ ಸುಟ್ಟುಹೋಗಬಹುದು, ಮೆಮೊರಿ ಸಾಲದೆ ಆಪರೇಟಿಂಗ್ ಸಿಸ್ಟಮ್ಮೇ ಕೊಲ್ಲಬಹುದು. ಆಗ 15 ಇಲ್ಲ, 30 ಸೆಕೆಂಡ್ ಇಲ್ಲ. ಇದರ ಮೇಲೆ ಒಂದು ಪಂಥವೇ ಇದೆ. 2003ರಲ್ಲಿ ಸ್ಟ್ಯಾನ್‌ಫರ್ಡಿನ ಕ್ಯಾಂಡಿಯಾ ಮತ್ತು ಫಾಕ್ಸ್ ಅನ್ನುವ ಇಬ್ಬರು ಒಂದು ಪ್ರಬಂಧ ಬರೆದರು. ಅವರ ವಾದದ ಸಾರ ಇಷ್ಟು: ಹೇಗೂ ಪ್ರೋಗ್ರಾಮ್ ದಿಢೀರನೆ ಸತ್ತರೂ ಚೇತರಿಸಿಕೊಳ್ಳುವ ಹಾಗೆ ಬರೆಯಲೇಬೇಕು, ಹಾಗಿದ್ದ ಮೇಲೆ ಮರ್ಯಾದೆಯಿಂದ ನಿಲ್ಲಿಸುವ ಇನ್ನೊಂದು ದಾರಿ ಯಾಕೆ ಬೇಕು? ನಿಲ್ಲಿಸುವುದು ಅಂದರೆ ಕೊಲ್ಲುವುದು, ಶುರು ಮಾಡುವುದು ಅಂದರೆ ಚೇತರಿಸಿಕೊಳ್ಳುವುದು. ನಮ್ಮ ಆಫೀಸಿನಲ್ಲೂ ಇದನ್ನೇ ಹೇಳುವವರಿದ್ದಾರೆ. 'ಗ್ರೇಸ್‌ಫುಲ್ ಶಟ್‌ಡೌನ್ ಎಲ್ಲ ಟೈಮ್ ವೇಸ್ಟ್, 9 ಹಾಕು' ಅಂತ.

ನಾನು ಅವರ ಮಾತನ್ನು ಮುಕ್ಕಾಲು ಒಪ್ತೀನಿ. ಲೆಕ್ಕ ಸರಿಯಾಗಿರುವುದಕ್ಕೆ ನಿಧಾನದ ಸಾವನ್ನು ನಂಬಿಕೊಂಡಿರಬಾರದು. ನಮ್ಮಲ್ಲಿ ಆಗಿದ್ದ ನಿಜವಾದ ದೋಷ 30-60ರದ್ದು ಅಲ್ಲ, ಒಂದೇ ಸಂದೇಶ ಎರಡು ಸಲ ಬಂದರೆ ಗೊತ್ತು ಹಿಡಿಯುವವರು ಯಾರೂ ಇಲ್ಲದ್ದು. ಮಂಡಿಯಲ್ಲಿ ತೂಕದ ಚೀಟಿಗೆ ಒಂದು ನಂಬರ್ ಇರುತ್ತೆ. ಅದೇ ಚೀಟಿಯನ್ನು ಎರಡನೇ ಸಲ ಕೊಟ್ಟರೆ ಗುಮಾಸ್ತರು ಪುಸ್ತಕ ನೋಡಿ 'ಇದು ಬರೆದಾಗಿದೆ' ಅಂತಾರೆ. ನಾವೂ ಆಮೇಲೆ ಅದನ್ನೇ ಮಾಡಿದೆವು. ಪ್ರತಿ ಸಂದೇಶದ ಜೊತೆ ಆ ಪಾವತಿಯ ನಂಬರ್ ಕಳಿಸುವುದು, ಅದೇ ನಂಬರ್ ಮತ್ತೆ ಬಂದರೆ ಫೋನಿನಲ್ಲಿ ತೋರಿಸದೇ ಇರುವುದು. ಇದನ್ನು ಮೊದಲ ದಿನವೇ ಮಾಡಿದ್ದರೆ ಆ ಅಂಗಡಿಯವರು ಗಲ್ಲಾಪೆಟ್ಟಿಗೆ ತೆರೆಯುತ್ತಲೇ ಇರಲಿಲ್ಲ.

ಆದರೆ ಉಳಿದ ಕಾಲು ಭಾಗವನ್ನು ನಾನು ಒಪ್ಪಲ್ಲ. 9 ಹಾಕಿ ಕೊಂದರೆ ಲೆಕ್ಕ ಸರಿ ಇರಬಹುದು, ಆದರೆ ಯಾರೋ ಕಾಯಬೇಕಾಗುತ್ತೆ. ಕಾಫ್ಕಾದಲ್ಲಿ ಒಂದು ಪ್ರತಿ 'ನಾನು ಹೊರಟೆ' ಅಂತ ಹೇಳಿ ಹೋದರೆ ಅದರ ಪಾಲಿನ ಕೆಲಸ ಕೂಡಲೇ ಬೇರೆಯವರಿಗೆ ಹಂಚಿಕೆಯಾಗುತ್ತೆ. ಹೇಳದೆ ಸತ್ತರೆ, ಅದು ಸತ್ತಿದೆಯೋ ಸುಮ್ಮನೆ ತಡವಾಗಿದೆಯೋ ಗೊತ್ತಾಗದೆ ಒಂದಷ್ಟು ಹೊತ್ತು ಕಾಯ್ತಾರೆ. ಮೊದಲು ಆ ಅವಧಿ 10 ಸೆಕೆಂಡ್ ಇತ್ತು, 2021ರ 3.0 ಆವೃತ್ತಿಯಿಂದ 45 ಸೆಕೆಂಡ್. ಅಷ್ಟೂ ಹೊತ್ತು ಆ ಪಾಲಿನ ಅಂಗಡಿಗಳಿಗೆ ಒಂದೂ ಸಂದೇಶ ಇಲ್ಲ. ಅಂಗಡಿ ಮುಂದೆ 'ಬಂತಾ? ಬಂತಾ?' ಅಂತ ಗಿರಾಕಿ ನಿಂತಿರೋದನ್ನ ನೀವೂ ನೋಡಿರ್ತೀರಿ. 45 ಸೆಕೆಂಡ್ ಅಂದರೆ ಅಲ್ಲಿ ತುಂಬಾ ದೊಡ್ಡದು.

ಹಾಗಾಗಿ ನನ್ನ ನಿಲುವು: ಲೆಕ್ಕ ತಪ್ಪದಿರಲು ದಿಢೀರ್ ಸಾವಿಗೆ ತಯಾರಾಗಿರಬೇಕು. ಜನ ಕಾಯದಿರಲು ಮರ್ಯಾದೆಯಿಂದ ಹೊರಡಬೇಕು. ಎರಡೂ ಬೇಕು, ಆದರೆ ಒಂದರ ಕೆಲಸವನ್ನು ಇನ್ನೊಂದರ ತಲೆಗೆ ಕಟ್ಟಬಾರದು.

*

ಟೈಮೌಟ್ ಮುಗಿದ ಮೇಲೆ ಏನಾಗಬೇಕು ಅನ್ನುವುದನ್ನು ಬರೆದಿಡದೇ ಇದ್ದರೆ ಅದು ಟೈಮೌಟೇ ಅಲ್ಲ. ಒಳ್ಳೆಯ ಉದಾಹರಣೆ ರಿಸರ್ವ್ ಬ್ಯಾಂಕಿನದ್ದು. 2019ರ ಸೆಪ್ಟೆಂಬರಿನ ಸುತ್ತೋಲೆ ಪ್ರಕಾರ ಯುಪಿಐನಲ್ಲಿ ಒಬ್ಬರಿಗೆ ಹಣ ಕಳಿಸುವಾಗ ನಿಮ್ಮ ಖಾತೆಯಿಂದ ಹೋಗಿ ಅವರಿಗೆ ಸೇರದಿದ್ದರೆ ಮಾರನೇ ದಿನದೊಳಗೆ ತಾನಾಗಿಯೇ ವಾಪಸ್ ಬರಬೇಕು. ಬರಲಿಲ್ಲವಾ? ಅಲ್ಲಿಂದ ಮುಂದೆ ದಿನಕ್ಕೆ 100 ರೂಪಾಯಿ ಪರಿಹಾರ. ಗಡುವು ಇದೆ, ಗಡುವು ಮೀರಿದರೆ ಯಾರು ಏನು ಮಾಡಬೇಕು ಅನ್ನುವುದೂ ಇದೆ.

ನಮ್ಮೂರಿನದೇ ಇನ್ನೊಂದು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು. ಬಳ್ಳಾರಿಯಲ್ಲಿ ಒಂದು ತಿಂಗಳು ಮೊದಲೇ ನಿಂತಿತ್ತು. ಆಗ ನಾನು ಹೈಸ್ಕೂಲು. ದಿನಾ ಧೂಳೆಬ್ಬಿಸಿಕೊಂಡು ಹೋಗುತ್ತಿದ್ದ ಲಾರಿಗಳು ಒಮ್ಮೆಲೇ ಕಾಣೆಯಾದವು. 9ನೇ ನಂಬರು ಅಂದರೆ ಅದು. ಆದರೆ ಅಗೆದು ರಾಶಿ ಹಾಕಿದ್ದ ಅದಿರು? ಅದು ಸುಲಿದ ಅಡಿಕೆ ಥರ. ನೆಲದೊಳಗಿನದ್ದಕ್ಕೆ ಸಿಪ್ಪೆ ಇದೆ, ಇದಕ್ಕಿಲ್ಲ. ಅದಕ್ಕೆ ಕೋರ್ಟು ಬೇರೆ ವ್ಯವಸ್ಥೆ ಮಾಡಿತು. ಉಸ್ತುವಾರಿ ಸಮಿತಿ ಆ ದಾಸ್ತಾನನ್ನು ಇ-ಹರಾಜು ಹಾಕಿತು. ನಿಲ್ಲಿಸಿದ್ದು ಸರಿಯೋ ತಪ್ಪೋ ಅನ್ನೋ ಚರ್ಚೆ ಇಲ್ಲಿ ಬೇಡ. ಅರ್ಧದಲ್ಲಿ ಉಳಿದದ್ದರ ಗತಿಯನ್ನು ಯಾರಾದರೂ ಒಬ್ಬರು ನಿರ್ಧರಿಸಲೇಬೇಕು ಅನ್ನುವುದಷ್ಟೇ ನನ್ನ ಮಾತು.

ಸಾಫ್ಟ್‌ವೇರ್ ಬರೆಯುವವರು ಈ ನಿರ್ಧಾರವನ್ನು ಎಷ್ಟು ಕಡೆ ನಮ್ಮ ತಲೆಗೇ ಬಿಟ್ಟಿದ್ದಾರೆ ನೋಡಿ. ಕಾಫ್ಕಾ ಸ್ಟ್ರೀಮ್ಸ್‌ನಲ್ಲಿ ಸಮಯ ಹೇಳದೆ ಬರೀ 'ಕ್ಲೋಸ್' ಅಂದರೆ ಎಲ್ಲ ಥ್ರೆಡ್ ನಿಲ್ಲುವವರೆಗೆ ಕಾಯುತ್ತೆ, ಎಷ್ಟೇ ಹೊತ್ತಾದರೂ. ಸಮಯ ಹೇಳಿದರೆ, ಅಷ್ಟರಲ್ಲಿ ಮುಗಿಯಿತೋ ಇಲ್ಲವೋ ಅಂತ ಹೌದು-ಇಲ್ಲ ಉತ್ತರ ಕೊಡುತ್ತೆ. ಆ ಉತ್ತರವನ್ನು ನೋಡುವ ಕೋಡ್ ನಾನು ಕಂಡಿದ್ದು ತೀರಾ ಕಡಿಮೆ. ಕಾಫ್ಕಾಗೆ ಬರೆಯುವ ಪ್ರೊಡ್ಯೂಸರ್ ಒಂದು ಸಾಲನ್ನು ತಲುಪಿಸಲು 2 ನಿಮಿಷದವರೆಗೆ ಒದ್ದಾಡುತ್ತೆ, ಅದರ ಮೇಲಿನ ಮೇಸ್ತ್ರಿ ಕೊಡುವುದು 30 ಸೆಕೆಂಡ್. ಒಬ್ಬರಿಗೊಬ್ಬರು ಮಾತಾಡಿಕೊಂಡೇ ಇಲ್ಲ! ಸ್ಪಾರ್ಕ್ ಸ್ಟ್ರೀಮಿಂಗ್‌ನಲ್ಲಿ ಮರ್ಯಾದೆಯಿಂದ ನಿಲ್ಲುವ ಸೌಲಭ್ಯ ಇದೆ, ಆದರೆ ನೀವಾಗಿ ಆನ್ ಮಾಡಬೇಕು.

ಈ ವಿಷಯದಲ್ಲಿ ನನಗೆ ಫ್ಲಿಂಕ್ ಸ್ವಲ್ಪ ಇಷ್ಟ. ಅದು ಓಡುತ್ತಿರುವಾಗಲೇ ಆಗಾಗ ಇಡೀ ಹೊಳೆಯ ಒಂದು ಫೋಟೋ ತೆಗೆದಿಡುತ್ತೆ, ಚೆಕ್‌ಪಾಯಿಂಟ್ ಅಂತ. ಹರಿವನ್ನು ನಿಲ್ಲಿಸದೆ ಫೋಟೋ ತೆಗೆಯುವುದು ಹೇಗೆ ಅನ್ನುವುದರ ಮೂಲ 1985ರಲ್ಲಿ ಚಾಂಡಿ ಮತ್ತು ಲ್ಯಾಂಪೋರ್ಟ್ ಬರೆದ ಪ್ರಬಂಧ. ಈ ಮಣಿ ಚಾಂಡಿ ನಮ್ಮ ಪಕ್ಕದ ಕೇರಳದ ಕೊಟ್ಟಾಯಂನಲ್ಲಿ ಹುಟ್ಟಿದವರು. ಫೋಟೋ ಇರುವುದರಿಂದ ದಿಢೀರನೆ ಸತ್ತರೂ ಕೊನೆಯ ಫೋಟೋದಿಂದ ಮುಂದುವರಿಯಬಹುದು, ಬೇಕೆಂದೇ ನಿಲ್ಲಿಸುವಾಗ ಒಂದು ಸೇವ್‌ಪಾಯಿಂಟ್ ತೆಗೆದು ನಿಲ್ಲಿಸಬಹುದು. ರದ್ದು ಮಾಡಿದ ಕೆಲಸ 3 ನಿಮಿಷದಲ್ಲಿ ನಿಲ್ಲದೇ ಸಿಕ್ಕಿಹಾಕಿಕೊಂಡರೆ ಆ ಕೆಲಸದಾಳಿನ ಇಡೀ ಪ್ರಾಸೆಸ್ಸನ್ನೇ ಕೆಡವುತ್ತೆ. ಕಠಿಣ, ಆದರೆ ಸ್ಪಷ್ಟ. ಅದರಲ್ಲೂ ಒಂದು ಹಳ್ಳ ಇದೆ. ನಿಲ್ಲಿಸುವಾಗ 'ಡ್ರೇನ್' ಅಂತ ಒಂದು ಆಯ್ಕೆ ಇದೆ, ಹೆಸರು ಕೇಳಿ ಒಳ್ಳೆಯದೇ ಅನ್ನಿಸುತ್ತೆ. ಅದನ್ನು ಹಾಕಿದರೆ 'ಕಾಲ ಮುಗಿಯಿತು' ಅಂತಲೇ ಎಲ್ಲರಿಗೂ ಹೇಳಿ ಅರ್ಧ ತುಂಬಿದ ಗಂಟೆಯ ಲೆಕ್ಕವನ್ನೂ ಪೂರ್ತಿ ಅಂತ ಬರೆದುಬಿಡುತ್ತೆ. ಶಾಶ್ವತವಾಗಿ ಮುಚ್ಚುವಾಗ ಮಾತ್ರ ಅದು. ಹೊಸ ಆವೃತ್ತಿ ಹಾಕಲು ಬಳಸಿದರೆ ಲೆಕ್ಕ ಹಾಳು.

*

ಓದುಗರಲ್ಲಿ ಇದೇ ಕೆಲಸದವರೂ ಇದ್ದೀರಿ ಅಂತ ಗೊತ್ತು, ಅವರಿಗೆ ನಾಲ್ಕು ಮಾತು.

ಒಂದು, ಹೊರಗಿನ ಗಡುವಿನಿಂದ ಶುರು ಮಾಡಿ ಒಳಕ್ಕೆ ಹಂಚಿ. ಹೊರಗೆ 30 ಅಂದರೆ, ಹೊಸ ಕೆಲಸ ನಿಲ್ಲಿಸಲು ಐದು, ಕೈಯಲ್ಲಿರುವುದು ಮುಗಿಸಲು ಹದಿನೈದು, ಗುರುತು ಹಾಕಲು ಐದು, ಉಳಿದ ಐದು ದೇವರ ಪಾಲು. ಒಳಗಿನದ್ದು ಯಾವತ್ತೂ ಹೊರಗಿನದ್ದಕ್ಕಿಂತ ಕಡಿಮೆ ಇರಲಿ.

ಎರಡು, ಸಮಯ ಮುಗಿದು ಸಾಯುವುದೇ ಆದರೆ ಒಂದು ಸಾಲು ಬರೆದು ಸಾಯಲಿ. ಎಷ್ಟು ಉಳಿದಿತ್ತು, ಯಾವ ಥ್ರೆಡ್ ಎಲ್ಲಿ ಸಿಕ್ಕಿಕೊಂಡಿತ್ತು ಅಂತ. ನಾನು ತಿಂಗಳುಗಟ್ಟಲೆ ಕುರುಡನಾಗಿದ್ದದ್ದು ಆ ಒಂದು ಸಾಲು ಇಲ್ಲದ್ದರಿಂದ.

ಮೂರು, ನಿಮ್ಮ ಪ್ರೋಗ್ರಾಮ್ ಪ್ರತಿ ಸಲ ಸರಿಯಾಗಿ 30 ಸೆಕೆಂಡಿಗೇ ನಿಲ್ಲುತ್ತಿದ್ದರೆ ಖುಷಿ ಪಡಬೇಡಿ, ಅದು ನಿಲ್ಲುತ್ತಿಲ್ಲ, ಸಾಯುತ್ತಿದೆ. ಬೇರೆ ಕಡೆ ಕೆಲಸ ಮಾಡುವ ಗೆಳತಿಯೊಬ್ಬಳು ಹೀಗೇ ತಲೆ ಕೆಡಿಸಿಕೊಂಡಿದ್ದಳು. ನೋಡಿದರೆ ಅವರ ಪ್ರೋಗ್ರಾಮನ್ನು ಶುರು ಮಾಡುವುದು ಒಂದು ಶೆಲ್ ಸ್ಕ್ರಿಪ್ಟ್. ಕಂಟೈನರಿನ ಯಜಮಾನ ಆ ಸ್ಕ್ರಿಪ್ಟು, ಜಾವಾ ಅದರ ಮಗು. 15ನೇ ಸಂಕೇತ ಯಜಮಾನನಿಗೆ ಬರುತ್ತೆ, ಅವನು ಒಳಗೆ ದಾಟಿಸುವುದೇ ಇಲ್ಲ. ಸ್ಕ್ರಿಪ್ಟಿನ ಕೊನೆಯ ಸಾಲಿಗೆ 'ಎಕ್ಸೆಕ್' ಅನ್ನೋ ಒಂದು ಪದ ಸೇರಿಸಿದಳು, ಸರಿಯಾಯಿತು.

ನಾಲ್ಕು, ತಿಂಗಳಿಗೊಮ್ಮೆಯಾದರೂ ಬೇಕೆಂದೇ 9 ಹಾಕಿ ನೋಡಿ. ಖಾಲಿ ಟೆಸ್ಟ್ ಮೆಷಿನ್ನಿನಲ್ಲಿ ಅಲ್ಲ, ಕೆಲಸ ತುಂಬಿರುವಾಗ. ಆಮೇಲೆ ಲೆಕ್ಕ ತಾಳೆ ನೋಡಿ. ಭಯ ಆದರೆ, ಆ ಭಯವೇ ನಿಮ್ಮ ಉತ್ತರ.

ಅಂದ ಹಾಗೆ, ಆ ಅಂಗಡಿಯವರಿಗೆ ಕಂಪನಿ 850 ರೂಪಾಯಿ ಕೊಟ್ಟಿತು. ದೂರು ಕೊಟ್ಟಿದ್ದಕ್ಕೆ ಅವರಿಗೆ ಸಿಕ್ಕಿತು. ದೂರು ಕೊಡದೆ, 'ನಾನೇ ಎಲ್ಲೋ ಲೆಕ್ಕ ತಪ್ಪಿದೆ' ಅಂತ ರಾತ್ರಿ ಗಲ್ಲಾಪೆಟ್ಟಿಗೆ ಮುಚ್ಚಿ ಮನೆಗೆ ಹೋದವರು ಎಷ್ಟು ಜನವೋ. ಅವರ ಹೆಸರು ಯಾವ ಲಾಗಿನಲ್ಲೂ ಇಲ್ಲ. ನಾನು ಬರೆದ 60 ಅನ್ನೋ ಎರಡಂಕಿ ಅವರ ಅಂಗಡಿವರೆಗೆ ಹೋಗುತ್ತೆ ಅಂತ ಕೋಡ್ ಬರೆಯುವ ದಿನ ನನಗೆ ಹೊಳೆದಿರಲಿಲ್ಲ.

ಅವತ್ತು ರಾತ್ರಿ ಎಂಟೂವರೆಗೆ ಕೊನೆಯ ಹಂಡೆ ಇಳಿಸಿದರು. ಸುಲಿಯದ ರಾಶಿಯ ಮೇಲೆ ಟಾರ್ಪಾಲು ಎಳೆದು ಅಪ್ಪ ಊಟಕ್ಕೆ ಕೂತರು. ಕರೆಂಟ್ ಬಂದಿದ್ದು ಹತ್ತು ಗಂಟೆಗೆ, ಅಷ್ಟೊತ್ತಿಗೆ ಅವರು ಮಲಗಿ ನಿದ್ದೆ ಮಾಡ್ತಿದ್ದರು. ನನ್ನ ಪ್ರೋಗ್ರಾಮ್ ನಿಲ್ಲಿಸಿ ಹಾಗೆ ನಿದ್ದೆ ಮಾಡಲು ನನಗೆ ಇನ್ನೂ ಸ್ವಲ್ಪ ದಿನ ಬೇಕು.

ನಿಮ್ಮ ಕೆಲಸದಲ್ಲಿ ಸುಲಿದದ್ದು ಯಾವುದು, ಸುಲಿಯದ್ದು ಯಾವುದು? ಸಾಫ್ಟ್‌ವೇರ್ ಅಲ್ಲದಿದ್ದರೂ ಪರವಾಗಿಲ್ಲ, ಹೇಳಿ.